ಅಳತೆಯ ಬೆಲೆ: ಟೈಪ್ 1 ಮಧುಮೇಹ, ಸ್ಟ್ರಿಪ್ ಮತ್ತು ಸೆನ್ಸರ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಮಧುಮೇಹದ ಚಿಕಿತ್ಸೆ ಯಾರ ಕೈಗೆಟುಕುತ್ತದೆ, ಯಾರ ಕೈಗೆಟುಕುವುದಿಲ್ಲ ಎಂಬ ಚರ್ಚೆ ಬಹುಮಟ್ಟಿಗೆ ಇನ್ಸುಲಿನ್ನಿನ ಬೆಲೆಯಲ್ಲಿ ಆರಂಭವಾಗಿ ಅಲ್ಲೇ ಮುಗಿಯುತ್ತದೆ. ಅಮೆರಿಕದ ಮಟ್ಟಿಗೆ ಇದಕ್ಕೆ ಕಾರಣವಿದೆ. ಅಲ್ಲಿ ಒಂದು ವಯಲ್ ಇನ್ಸುಲಿನ್‌ಗೆ ಇನ್ನೂರೈವತ್ತು ಡಾಲರಿಗೂ ಹೆಚ್ಚು ಬೆಲೆ ಇತ್ತು. 2023ರಲ್ಲಿ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್‌ನ ಫಲಾನುಭವಿಗಳ ಪಾಲಿಗೆ ತಿಂಗಳಿಗೆ 35 ಡಾಲರಿನ ಮಿತಿ ಬಂತು. ಅದೇ ವರ್ಷ ಎಲಿ ಲಿಲಿ ಕಂಪನಿ ತನ್ನ ಹೆಚ್ಚು ಬಳಕೆಯ ಇನ್ಸುಲಿನ್‌ಗಳ ದರವನ್ನು ಶೇ 70ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಆ ಕಥೆ ಜಗತ್ತಿನಾದ್ಯಂತ ಓದಿಸಿಕೊಂಡಿತು, ನಮ್ಮ ಪತ್ರಿಕೆಗಳೂ ಅದನ್ನು ಹಾಗೆಯೇ ತಂದುಕೊಂಡವು.

ಭಾರತದ ಲೆಕ್ಕ ಬೇರೆ. ಮಾನವ ಇನ್ಸುಲಿನ್ ಇಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದಕ್ಕೆ ಗರಿಷ್ಠ ಬೆಲೆ ಗೊತ್ತುಪಡಿಸಲಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತವಾದ ಪಟ್ಟಿಗೆ ದೀರ್ಘಾವಧಿಯ ಇನ್ಸುಲಿನ್ ಆದ ಗ್ಲಾರ್ಜಿನ್ ಕೂಡ ಸೇರಿತು. ಇನ್ಸುಲಿನ್ ತಯಾರಿಸುವ ದೊಡ್ಡ ಕಂಪನಿಯೊಂದು ಬೆಂಗಳೂರಿನಲ್ಲೇ ಇದೆ. ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಅದರ ಗ್ಲಾರ್ಜಿನ್‌ಗೆ 2021ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮೂಲ ಔಷಧಿಯ ಬದಲಿಗೆ ಔಷಧಿ ಅಂಗಡಿಯಲ್ಲೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆ ನೀಡಿದರು. ಹೀಗಿದ್ದೂ ಕರ್ನಾಟಕದ ಒಂದು ಕೂಲಿ ಕುಟುಂಬದಲ್ಲಿ ಇನ್ಸುಲಿನ್ ಇಲ್ಲದೆ ಬದುಕಲಾಗದ ಟೈಪ್ 1 ಮಧುಮೇಹ ಇರುವ ಮಗುವಿನ ಸಕ್ಕರೆ ಹತೋಟಿಗೆ ಬರುವುದಿಲ್ಲವೆಂದರೆ ತೊಡಕು ಬೇರೆಲ್ಲೋ ಇದೆ ಎಂದರ್ಥ. ಈ ಟಿಪ್ಪಣಿಯ ವಾದ ಇಷ್ಟು: ನಮ್ಮಲ್ಲಿ ಅಸಮಾನತೆಯ ಗಂಟು ಔಷಧಿಗಿಂತ ಹೆಚ್ಚಾಗಿ ಅಳತೆಯಲ್ಲಿದೆ. ರಕ್ತದ ಸಕ್ಕರೆ ಈಗ ಎಷ್ಟಿದೆ ಎಂದು ತಿಳಿಯುವ ಸೌಲಭ್ಯವನ್ನು ನಮ್ಮ ಆರೋಗ್ಯ ವ್ಯವಸ್ಥೆ ಚಿಕಿತ್ಸೆಯ ಭಾಗವೆಂದು ಇನ್ನೂ ಪರಿಗಣಿಸಿಲ್ಲ.

ಇನ್ಸುಲಿನ್ ಎಂಬ ಔಷಧಿಗೆ ನಿಗದಿತ ಪ್ರಮಾಣ ಎಂಬುದಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ದಿನಕ್ಕೊಂದು ಎಂದು ಬರೆದುಕೊಡಬಹುದು. ಟೈಪ್ 1 ಮಗುವಿಗೆ ಅದೇ ಹತ್ತು ಯೂನಿಟ್ ಒಂದು ದಿನ ಕಡಿಮೆ, ಇನ್ನೊಂದು ದಿನ ಅಪಾಯಕರವಾಗುವಷ್ಟು ಹೆಚ್ಚು. ಮುದ್ದೆ ಎಷ್ಟು ಉಂಡಿತು, ಶಾಲೆಯ ಮೈದಾನದಲ್ಲಿ ಎಷ್ಟು ಓಡಿತು, ಜ್ವರ ಬಂದಿದೆಯೇ, ನಿನ್ನೆ ಚುಚ್ಚಿದ ಜಾಗ ಗಟ್ಟಿಯಾಗಿದೆಯೇ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಮಂಕು. ಇನ್ನೂ ಇಳಿದರೆ ಫಿಟ್ಸ್, ಪ್ರಜ್ಞಾಹೀನತೆ. ಇನ್ಸುಲಿನ್ ಸಾಲದೆ ದಿನಗಟ್ಟಲೆ ಏರಿಯೇ ಇದ್ದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತಾಗುವ ಕೀಟೋಅಸಿಡೋಸಿಸ್. ಈ ಎರಡು ದಡಗಳ ನಡುವೆ ನಡೆಸುವುದು ಅಳತೆಯೊಂದೇ. ಬೆರಳಿನ ಹನಿ ರಕ್ತದಿಂದ ಸಕ್ಕರೆ ಅಳೆಯುವ ಸ್ಟ್ರಿಪ್ ಇಲ್ಲದ ಮನೆಗಳಲ್ಲಿ ತಾಯಂದಿರು ಮಗುವಿನ ಮುಖ ನೋಡಿ, ಹಣೆ ಮುಟ್ಟಿ ‘ಲೋ ಆಗಿದೆ’ ಎಂದು ಊಹಿಸುತ್ತಾರೆ. ಹಗಲಲ್ಲಿ ಆ ಊಹೆ ಎಷ್ಟೋ ಸಲ ಸರಿಯೂ ಇರುತ್ತದೆ. ರಾತ್ರಿ ಎರಡು ಗಂಟೆಗೆ ಅದು ನೆರವಿಗೆ ಬರುವುದಿಲ್ಲ. ಆ ಭಯದಿಂದಲೇ ಅನೇಕರು ರಾತ್ರಿಯ ಡೋಸನ್ನು ಬೇಕೆಂದೇ ತಗ್ಗಿಸುತ್ತಾರೆ. ಸಕ್ಕರೆ ವರ್ಷಗಟ್ಟಲೆ ಮೇಲೆಯೇ ಉಳಿಯುತ್ತದೆ. ಹೊರಗಿನವರು ಇದನ್ನು ನಿರ್ಲಕ್ಷ್ಯ ಎನ್ನುತ್ತಾರೆ. ಕೈಯಲ್ಲಿ ಅಳತೆ ಇಲ್ಲದವರು ಮಗುವನ್ನು ರಾತ್ರಿ ಬದುಕಿಸಿಕೊಳ್ಳಲು ಕಂಡುಕೊಂಡ ವಿವೇಕದ ದಾರಿ ಅದು.

ಹತೋಟಿ ಮತ್ತು ಅಂಗಹಾನಿಯ ಸಂಬಂಧವನ್ನು ಖಚಿತಪಡಿಸಿದ್ದು 1993ರಲ್ಲಿ ಫಲಿತಾಂಶ ಪ್ರಕಟವಾದ ಡಿಸಿಸಿಟಿ ಎಂಬ ಅಮೆರಿಕ–ಕೆನಡಾ ಅಧ್ಯಯನ. ಟೈಪ್ 1 ಇರುವ 1,441 ಜನರನ್ನು ಸರಾಸರಿ ಆರೂವರೆ ವರ್ಷ ಗಮನಿಸಿದಾಗ, ಬಿಗಿ ಹತೋಟಿಯ ಗುಂಪಿನಲ್ಲಿ ಕಣ್ಣಿನ ರೆಟಿನೋಪಥಿ ಹೊಸದಾಗಿ ತಲೆದೋರುವ ಅಪಾಯ ಶೇ 76ರಷ್ಟು ತಗ್ಗಿತ್ತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಗುಂಪಿನವರು ದಿನಕ್ಕೆ ಕನಿಷ್ಠ ನಾಲ್ಕು ಬಾರಿ ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುತ್ತಿದ್ದರು ಎಂಬುದನ್ನು ಅಷ್ಟಾಗಿ ಯಾರೂ ನೆನಪಿಸಿಕೊಳ್ಳುವುದಿಲ್ಲ. ಅಧ್ಯಯನದ ಫಲವನ್ನು ನಾವು ಒಪ್ಪಿಕೊಂಡೆವು, ಅದು ನಿಂತಿದ್ದ ಸಾಮಗ್ರಿಯನ್ನು ಖರೀದಿಪಟ್ಟಿಗೆ ಸೇರಿಸಲಿಲ್ಲ.

ಅಳತೆಯ ಇತಿಹಾಸದಲ್ಲೇ ಈ ಅಸಮಾನತೆಯ ಬೇರು ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಜನರಿಗಿದ್ದದ್ದು ಮೂತ್ರ ಪರೀಕ್ಷೆ. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಮೂತ್ರಕ್ಕೆ ಸಕ್ಕರೆ ಇಳಿಯುವುದು ರಕ್ತದಲ್ಲಿ ಅದು ಸುಮಾರು 180 ದಾಟಿದ ಮೇಲೆ. ಆದ್ದರಿಂದ ಈ ಪರೀಕ್ಷೆ ಹಳೆಯ ಸುದ್ದಿಯನ್ನು ಹೇಳುತ್ತಿತ್ತು, ಕಡಿಮೆ ಸಕ್ಕರೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಏಮ್ಸ್ ಕಂಪನಿಯ ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ರಕ್ತದ ಪಟ್ಟಿ ಬಂತು. ಅದರ ಬಣ್ಣವನ್ನು ಓದುವ ಯಂತ್ರ ಬಂದದ್ದು 1970ರ ಸುಮಾರಿಗೆ. ಒಂದು ಕಿಲೋಗಿಂತ ಹೆಚ್ಚು ತೂಕ, ನೂರಾರು ಡಾಲರ್ ಬೆಲೆ. ಅದನ್ನು ಮಾರುತ್ತಿದ್ದುದು ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ. ಚಿಕ್ಕಂದಿನಿಂದ ಟೈಪ್ 1 ಇದ್ದ ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್ ಅದನ್ನು ಪಡೆದದ್ದು ವೈದ್ಯೆಯಾಗಿದ್ದ ತಮ್ಮ ಪತ್ನಿಯ ಹೆಸರಿನಲ್ಲಿ. ಮನೆಯಲ್ಲೇ ದಿನಕ್ಕೆ ಹಲವು ಬಾರಿ ಅಳೆದು ತಮ್ಮ ಸಕ್ಕರೆಯನ್ನು ಸಮಸ್ಥಿತಿಗೆ ತಂದುಕೊಂಡ ಅವರ ಮಾತನ್ನು ವೈದ್ಯ ಪತ್ರಿಕೆಗಳು ಮೊದಲು ಪ್ರಕಟಿಸಲಿಲ್ಲ. ನಡುವಯಸ್ಸಿನಲ್ಲಿ ಅವರು ವೈದ್ಯಕೀಯ ಕಾಲೇಜು ಸೇರಿ ಸ್ವತಃ ವೈದ್ಯರಾದರು. ರೋಗಿಯ ಕೈಗೆ ಅಳತೆ ಕೊಡಬಾರದು ಎಂಬ ಆ ಕಾಲದ ನಂಬಿಕೆ ಇಂದು ಯಾರ ಬಾಯಲ್ಲೂ ಇಲ್ಲ. ಅದರ ನೆರಳು ಮಾತ್ರ ಉಳಿದಿದೆ: ಸರ್ಕಾರಿ ಆಸ್ಪತ್ರೆಗೆ ಬಂದರೆ ಶುಗರ್ ನೋಡಿಕೊಡುತ್ತೇವೆ, ಮನೆಗೆ ಸ್ಟ್ರಿಪ್ ಕೊಡುವುದಿಲ್ಲ.

ಆಸ್ಪತ್ರೆಯ ಅಳತೆ ಮತ್ತು ಮನೆಯ ಅಳತೆಯ ನಡುವಿನ ಈ ವ್ಯತ್ಯಾಸ ನೀತಿಯ ಕಡತಗಳಲ್ಲಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಅಗತ್ಯ ತಪಾಸಣೆಗಳ ಮೊದಲ ಪಟ್ಟಿಯಲ್ಲಿ ಗ್ಲೂಕೋಸ್ ಪರೀಕ್ಷೆ ಇತ್ತು. ಮರುವರ್ಷ ಭಾರತವೂ ತನ್ನದೇ ಪಟ್ಟಿ ಮಾಡಿತು. ಆದರೆ ಇವು ಆರೋಗ್ಯ ಕೇಂದ್ರದಲ್ಲಿ ಏನಿರಬೇಕು ಎಂಬುದರ ಪಟ್ಟಿಗಳು. ಉಪಕೇಂದ್ರದಲ್ಲಿ ತಿಂಗಳಿಗೊಮ್ಮೆ ನೋಡಿದ ಒಂದು ಸಂಖ್ಯೆ ಟೈಪ್ 1 ಮಗುವಿಗೆ ಬಹುತೇಕ ಏನನ್ನೂ ಹೇಳುವುದಿಲ್ಲ. 2022ರ ಮೇ ತಿಂಗಳ ವಿಶ್ವ ಆರೋಗ್ಯ ಸಭೆ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿತ್ತು. 2030ಕ್ಕೆ ಇಟ್ಟುಕೊಂಡ ಐದು ಗುರಿಗಳಲ್ಲಿ ಟೈಪ್ 1 ಕುರಿತಾದದ್ದು ಇನ್ಸುಲಿನ್ ಮತ್ತು ಮನೆಯಲ್ಲೇ ರಕ್ತದ ಸಕ್ಕರೆ ನೋಡಿಕೊಳ್ಳುವ ಸೌಲಭ್ಯ ಎರಡನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ, ನೂರಕ್ಕೆ ನೂರು ಜನರಿಗೆ ಎಟುಕುವ ದರದಲ್ಲಿ ಸಿಗಬೇಕೆಂದಿತು. ಉಳಿದ ನಾಲ್ಕು ಗುರಿಗಳು ಶೇ 60 ಅಥವಾ ಶೇ 80ಕ್ಕೆ ನಿಂತರೆ, ಇದೊಂದೇ ಶೇ 100.

ಇನ್ನು ಹಣದ ಲೆಕ್ಕ. ದಿನಕ್ಕೆ 40 ಯೂನಿಟ್ ಬೇಕಾಗುವ ಹದಿಹರೆಯದ ಒಬ್ಬ ವಿದ್ಯಾರ್ಥಿನಿಯನ್ನು ತೆಗೆದುಕೊಳ್ಳೋಣ. ತಿಂಗಳಿಗೆ 1,200 ಯೂನಿಟ್. ನಮ್ಮಲ್ಲಿ ಸಾಮಾನ್ಯವಾದ 10 ಮಿ.ಲೀ. ವಯಲ್‌ನಲ್ಲಿ 400 ಯೂನಿಟ್ ಇರುವುದರಿಂದ ಮೂರು ವಯಲ್ ಬೇಕು. ಒಂದಕ್ಕೆ ನೂರೈವತ್ತು ರೂಪಾಯಿ ಆಸುಪಾಸು ಎಂದು ಹಿಡಿದರೆ ತಿಂಗಳಿಗೆ ಐದುನೂರರ ಒಳಗೆ. ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಲು ತಿಂಗಳಿಗೆ 120 ಸ್ಟ್ರಿಪ್. ಚಿಲ್ಲರೆ ಅಂಗಡಿಯಲ್ಲಿ ಸ್ಟ್ರಿಪ್ ಒಂದಕ್ಕೆ ಬ್ರ್ಯಾಂಡ್ ನೋಡಿ 10ರಿಂದ 20 ರೂಪಾಯಿ ಎಂದಿಟ್ಟುಕೊಂಡರೆ 1,200ರಿಂದ 2,400 ರೂಪಾಯಿ. ಅಂದರೆ ಅಳತೆಯ ಖರ್ಚು ಔಷಧಿಯ ಖರ್ಚಿಗಿಂತ ಎರಡೂವರೆ ಪಟ್ಟಿನಿಂದ ಐದು ಪಟ್ಟಿನವರೆಗೆ ಹೆಚ್ಚು. 2025–26ಕ್ಕೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ನರೇಗಾ ದಿನಗೂಲಿ 370 ರೂಪಾಯಿ. ತಿಂಗಳಲ್ಲಿ ನಾಲ್ಕಾರು ದಿನದ ಕೂಲಿ ಬರಿಯ ಸ್ಟ್ರಿಪ್‌ಗೆ ಹೋಗಬೇಕು. ಅದು ಹೋಗುವುದಿಲ್ಲ. ದಿನಕ್ಕೆ ನಾಲ್ಕು ಇದ್ದದ್ದು ವಾರಕ್ಕೆ ನಾಲ್ಕಾಗುತ್ತದೆ, ಆಮೇಲೆ ಮೈ ಸರಿಯಿಲ್ಲದ ದಿನ ಮಾತ್ರ.

ಸ್ಟ್ರಿಪ್ ಇಷ್ಟು ದುಬಾರಿಯಾಗಲು ಅದರ ರಸಾಯನಶಾಸ್ತ್ರ ಕಾರಣವಲ್ಲ. ಪ್ಲಾಸ್ಟಿಕ್ ಚೂರಿನ ಮೇಲೆ ಮುದ್ರಿಸಿದ ವಿದ್ಯುದ್ವಾರ, ಗ್ಲೂಕೋಸ್ ಆಕ್ಸಿಡೇಸ್ ಅಥವಾ ಅದರಂಥ ಇನ್ನೊಂದು ಕಿಣ್ವ, ಇಲೆಕ್ಟ್ರಾನನ್ನು ಸಾಗಿಸುವ ಒಂದು ಮಧ್ಯವರ್ತಿ ಸಂಯುಕ್ತ, ಇಷ್ಟೇ. ಕ್ರ್ಯಾನ್‌ಫೀಲ್ಡ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು ಫೆರೋಸೀನ್ ಬಳಸಿ ಇದನ್ನು ಸಾಧಿಸಿದ ಪ್ರಬಂಧ 1984ರದ್ದು, ಪೆನ್ನಿನಷ್ಟು ಚಿಕ್ಕ ಮೀಟರ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ತಂತ್ರ ಹಳೆಯದು, ವ್ಯಾಪಾರದ ಕ್ರಮ ಬೇರೆ. ಮೀಟರನ್ನು ಅಗ್ಗಕ್ಕೆ, ಕೆಲವೊಮ್ಮೆ ಉಚಿತವಾಗಿ ಕೊಡುವುದು, ಆ ಮೀಟರ್‌ಗೆ ಆ ಕಂಪನಿಯ ಸ್ಟ್ರಿಪ್ ಮಾತ್ರ ಹೊಂದುವಂತೆ ಮಾಡುವುದು. ಶಿಬಿರದಲ್ಲಿ ಸಿಕ್ಕ ಮೀಟರ್‌ಗೆ ಊರಿನ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಸಿಗದೆ ಅದು ಕಪಾಟು ಸೇರುವುದು ನಮ್ಮಲ್ಲಿ ಅಪರೂಪವಲ್ಲ. ಮೀಟರ್ ದಾನ ಮಾಡುವ ಸಂಘ ಸಂಸ್ಥೆಗಳು ಇದನ್ನೊಮ್ಮೆ ಯೋಚಿಸಬೇಕು. ಹಿಂದೆ, ಬಣ್ಣ ಬದಲಾಗುವ ಪಟ್ಟಿಗಳ ಕಾಲದಲ್ಲಿ, ಜನ ಅವನ್ನು ಉದ್ದಕ್ಕೆ ಸೀಳಿ ಒಂದರಲ್ಲಿ ಎರಡು ಸಲ ನೋಡಿಕೊಳ್ಳುತ್ತಿದ್ದರು. ಇಂದಿನ ಸ್ಟ್ರಿಪ್‌ನಲ್ಲಿ ಆ ಉಳಿತಾಯಕ್ಕೂ ದಾರಿಯಿಲ್ಲ.

ಬೆಲೆ ಇಳಿಸುವ ಯತ್ನಗಳು ನಡೆದಿಲ್ಲವೆಂದಲ್ಲ. 2014ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ದೇಶೀಯವಾಗಿ ರೂಪಿಸಿದ ಗ್ಲೂಕೋಮೀಟರ್‌ಗಳನ್ನು ಬಿಡುಗಡೆ ಮಾಡಿತು. ಐಐಟಿ ಬಾಂಬೆ ಮತ್ತು ಹೈದರಾಬಾದಿನ ಬಿಟ್ಸ್ ಅವುಗಳ ಹಿಂದಿದ್ದವು. ಸ್ಟ್ರಿಪ್ ಒಂದಕ್ಕೆ ಎರಡರಿಂದ ನಾಲ್ಕು ರೂಪಾಯಿ ಎಂದು ಆಗ ಪ್ರಕಟಿಸಲಾಗಿತ್ತು. ದಶಕ ಕಳೆದ ಮೇಲೂ ತಾಲ್ಲೂಕು ಊರಿನ ಅಂಗಡಿಯಲ್ಲಿ ಆ ಬೆಲೆ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕಾರಣ ತಂತ್ರಜ್ಞಾನದ ಸೋಲಲ್ಲ. ದೊಡ್ಡ ಪ್ರಮಾಣದಲ್ಲಿ, ವರ್ಷದಿಂದ ವರ್ಷಕ್ಕೆ ಖರೀದಿಸುವ ಸಾರ್ವಜನಿಕ ಗಿರಾಕಿ ಇಲ್ಲದಿದ್ದುದು. 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಐದು ವೈದ್ಯಕೀಯ ಸಾಧನಗಳ ವ್ಯಾಪಾರದ ಲಾಭಾಂಶವನ್ನು ಶೇ 70ಕ್ಕೆ ಮಿತಿಗೊಳಿಸಿದಾಗ ಆ ಐದರಲ್ಲಿ ಗ್ಲೂಕೋಮೀಟರ್ ಒಂದಾಗಿತ್ತು. ಒಂದು ಸಲ ಕೊಂಡರೆ ವರ್ಷಗಳು ಬಾಳುವ ಯಂತ್ರವದು. ಕುಟುಂಬದ ಜೇಬು ಬರಿದಾಗುವುದು ತಿಂಗಳು ತಿಂಗಳೂ ಮುಗಿಯುವ ಸ್ಟ್ರಿಪ್‌ನಿಂದ. 2025ರ ಸೆಪ್ಟೆಂಬರ್ 22ರಿಂದ ಮೀಟರ್ ಮತ್ತು ಸ್ಟ್ರಿಪ್ ಎರಡರ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಸ್ವಾಗತಾರ್ಹ. ಇಪ್ಪತ್ತು ರೂಪಾಯಿಯ ಸ್ಟ್ರಿಪ್‌ನಲ್ಲಿ ಇದರಿಂದ ಉಳಿಯುವುದು ಒಂದೂಕಾಲು ರೂಪಾಯಿಯಷ್ಟು.

ರಕ್ತದ ಅಳತೆಯ ಜೊತೆಗೆ ಡೋಸನ್ನು ಅಳೆಯುವ ಸಿರಿಂಜಿನ ವಿಷಯವನ್ನೂ ಸ್ವಲ್ಪ ವಿವರವಾಗಿ ಹೇಳಬೇಕು. ಬಡವ ಬಲ್ಲಿದರ ನಡುವಿನ ಗೆರೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಜಗತ್ತಿನ ಬಹುಭಾಗ ಇನ್ಸುಲಿನ್ನಿನ ಸಾಂದ್ರತೆಯನ್ನು ಮಿಲಿಲೀಟರ್‌ಗೆ 100 ಯೂನಿಟ್‌ಗೆ ಏಕರೂಪಗೊಳಿಸಿ ದಶಕಗಳಾದವು. ಭಾರತದಲ್ಲಿ ಇನ್ಸುಲಿನ್ ಪೆನ್ ಮತ್ತು ಅದರ ಕಾರ್ಟ್ರಿಜ್‌ಗಳು ಈ ಸಾಂದ್ರತೆಯವು, ಅಂದರೆ ಯು-100; ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ವಯಲ್‌ಗಳು ಬಹುಪಾಲು ಮಿಲಿಲೀಟರ್‌ಗೆ 40 ಯೂನಿಟ್‌ನ ಯು-40. ಎರಡಕ್ಕೂ ಬೇರೆ ಬೇರೆ ಸಿರಿಂಜು. ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಯು-40 ಸಿರಿಂಜಿನಲ್ಲಿ ಯು-100 ಇನ್ಸುಲಿನ್ನನ್ನು 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ಅದಲುಬದಲಾದರೆ, ಅಂದರೆ ಕಿತ್ತಳೆ ಸಿರಿಂಜಿನಲ್ಲಿ ಯು-40 ಎಳೆದರೆ, 20ರ ಬದಲು ಬರಿಯ 8. ಮೊದಲನೆಯದರಲ್ಲಿ ಮಗು ಕುಸಿದು ಬೀಳುತ್ತದೆ. ಎರಡನೆಯದರಲ್ಲಿ ದಿನಗಳ ನಂತರ ಕೀಟೋಅಸಿಡೋಸಿಸ್‌ನಲ್ಲಿ ಆಸ್ಪತ್ರೆ ಸೇರುತ್ತದೆ. ಪೆನ್ ಬಳಸುವ ಮನೆಯಲ್ಲಿ ಈ ಗೊಂದಲವಿಲ್ಲ, ಡಯಲ್ ತಿರುಗಿಸಿದರೆ ಸಾಕು. ಚಿಕ್ಕ ಮಕ್ಕಳಿಗೆ ಅರ್ಧ ಯೂನಿಟ್ ಕೊಡಬಲ್ಲ ಪೆನ್ನುಗಳೂ ಇವೆ. ಹಾಗಾಗಿ ಓದು ಕಡಿಮೆ ಇರುವ, ನೆರವು ಕಡಿಮೆ ಇರುವ ಮನೆಯ ಕೈಗೇ ನಾವು ಹೆಚ್ಚು ಗಣಿತ ಬೇಡುವ ಸಾಧನ ಕೊಟ್ಟಿದ್ದೇವೆ.

ಪೆನ್ನಿನ ಕಡೆಗೆ ತೆರೆಯುತ್ತಿದ್ದ ಬಾಗಿಲೂ ಈಚೆಗೆ ಮುಚ್ಚುತ್ತಿದೆ. ಇನ್ಸುಲಿನ್ ತಯಾರಿಸುವ ನೋವೋ ನಾರ್ಡಿಸ್ಕ್ ಕಂಪನಿ ಮಾನವ ಇನ್ಸುಲಿನ್ನಿನ ಪೆನ್ ಪೂರೈಕೆಯಿಂದ ಹಿಂದೆ ಸರಿದಾಗ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳ ರೋಗಿಗಳು 2024ರಲ್ಲಿ ಮತ್ತೆ ವಯಲ್ ಮತ್ತು ಸಿರಿಂಜಿಗೆ ಮರಳಬೇಕಾಯಿತು. 2025ರಲ್ಲಿ ಭಾರತದಲ್ಲೂ ಆ ಕಂಪನಿಯ ಮಿಕ್ಸ್‌ಟಾರ್ಡ್ ಪೆನ್ ಕಾರ್ಟ್ರಿಜ್‌ಗಳನ್ನು ಹಿಂತೆಗೆದುಕೊಳ್ಳುವ ಸುದ್ದಿ ಬಂತು, ವಯಲ್ ಉಳಿದುಕೊಂಡಿತು. ಪೆನ್ ದುಬಾರಿಯಾಗಲೇಬೇಕಾದ ವಸ್ತುವೂ ಅಲ್ಲ. ಜಾಮಾ ನೆಟ್‌ವರ್ಕ್ ಓಪನ್‌ನಲ್ಲಿ 2024ರಲ್ಲಿ ಪ್ರಕಟವಾದ ಉತ್ಪಾದನಾ ವೆಚ್ಚದ ಅಂದಾಜಿನಂತೆ, ಮರುಬಳಕೆಯ ಪೆನ್ ಸಹಿತ ಒಬ್ಬರ ವರ್ಷದ ಚಿಕಿತ್ಸೆಯನ್ನು ಮಾನವ ಇನ್ಸುಲಿನ್ನಿನಲ್ಲಿ 96 ಡಾಲರಿಗೆ, ಹೊಸ ಅನಲಾಗ್ ಇನ್ಸುಲಿನ್ನಿನಲ್ಲಿ 111 ಡಾಲರಿಗೆ ಕೊಡಲು ಸಾಧ್ಯ. ಹಳತು ಹೊಸತರ ನಡುವಿನ ಅಂತರ ವರ್ಷಕ್ಕೆ ಹದಿನೈದು ಡಾಲರ್.

ಹವೆಯ ಪ್ರಶ್ನೆಯೂ ಇದೆ, ಕರ್ನಾಟಕದಂಥ ರಾಜ್ಯದಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿನ ಚಿಂತೆ ಇನ್ಸುಲಿನ್ ಕೆಡುವುದು. ಕೆನ್ಯಾದ ನಿರಾಶ್ರಿತರ ಶಿಬಿರದ ತಾಪಮಾನವನ್ನು ಆಧರಿಸಿ ವೈದ್ಯಕೀಯ ನೆರವಿನ ಸಂಸ್ಥೆ ಎಂಎಸ್‌ಎಫ್ ಮತ್ತು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ, 25ರಿಂದ 37 ಡಿಗ್ರಿಯ ಏರಿಳಿತದಲ್ಲಿ ಬಳಕೆಯಲ್ಲಿರುವ ವಯಲ್ ನಾಲ್ಕು ವಾರ ಶಕ್ತಿ ಉಳಿಸಿಕೊಳ್ಳುತ್ತದೆ ಎಂದು ತೋರಿಸಿತು. ಫ್ರಿಜ್ ಇಲ್ಲದ ಮನೆಗೆ ಇದು ಧೈರ್ಯದ ಮಾತು. ಒಣ ಬಿಸಿಲಿನ ನಾಡಿನಲ್ಲಿ ಒದ್ದೆ ಮಣ್ಣಿನ ಮಡಕೆ ಒಳಗಿನ ತಾಪವನ್ನು ಈ ಮಿತಿಯೊಳಗೆ ತರಬಲ್ಲದು. ಉಡುಪಿ, ಕಾರವಾರದ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ನಿಧಾನ, ಮಡಕೆಯಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಮತ್ತು ಮಲೆನಾಡಿನಲ್ಲಿ ಮಳೆಗಾಲಕ್ಕೆ ಕೆಡುವುದು ಸ್ಟ್ರಿಪ್. ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಕಿಣ್ವ ತೇವ ಹೀರಿ ತಪ್ಪು ಸಂಖ್ಯೆ ತೋರಿಸುತ್ತದೆ. ವಾರಕ್ಕೆ ನಾಲ್ಕು ಸ್ಟ್ರಿಪ್ ಬಳಸುವ ಮನೆಯಲ್ಲಿ ಐವತ್ತರ ಬಾಟಲಿ ಮೂರು ತಿಂಗಳು ತೆರೆದಿರುತ್ತದೆ. ಅನುಕೂಲಸ್ಥರ ಮನೆಯಲ್ಲಿ ಅದು ಎರಡು ವಾರದಲ್ಲಿ ಮುಗಿಯುತ್ತದೆ. ಕಡಿಮೆ ಅಳೆಯುವವರ ಅಳತೆ ಹೀಗೆ ನಿಖರತೆಯಲ್ಲೂ ಹಿಂದೆ ಬೀಳುತ್ತದೆ.

ಸೆನ್ಸರ್‌ಗೆ ಬರೋಣ. ತೋಳಿಗೆ ಅಂಟಿಸಿಕೊಂಡರೆ 14 ದಿನ ನಿಮಿಷ ನಿಮಿಷದ ಸಕ್ಕರೆ ತೋರಿಸುವ ಫ್ರೀಸ್ಟೈಲ್ ಲಿಬ್ರೆ ಯುರೋಪಿನಲ್ಲಿ 2014ರಲ್ಲಿ ಬಂತು, ಕೆಲ ವರ್ಷಗಳಲ್ಲಿ ಭಾರತಕ್ಕೂ ಬಂತು. ಟೈಪ್ 1 ಮಗುವಿನ ತಂದೆತಾಯಿಗೆ ರಾತ್ರಿ ಎಚ್ಚರವಿದ್ದು ಬೆರಳು ಚುಚ್ಚುವ ಕೆಲಸದಿಂದ ಬಿಡುಗಡೆ ಕೊಟ್ಟ ಸಾಧನ ಇದು. ಸಕ್ಕರೆ ಇಳಿಯುತ್ತಿದೆ ಎಂದು ಬೀಳುವ ಮೊದಲೇ ಎಚ್ಚರಿಸುವ ಮಾದರಿಗಳೂ ಬಂದವು. ನಮ್ಮಲ್ಲಿ ಒಂದು ಸೆನ್ಸರ್‌ಗೆ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಎಂದು ಹಿಡಿದರೆ, ಹದಿನಾಲ್ಕು ದಿನದ ಸೆನ್ಸರ್‌ಗೆ ಹನ್ನೆರಡು ದಿನದ ನರೇಗಾ ಕೂಲಿ. ವರ್ಷಕ್ಕೆ 26 ಸೆನ್ಸರ್ ಬೇಕು, ಒಟ್ಟು 1,17,000 ರೂಪಾಯಿ. ಅದೇ ಕೂಲಿಯಲ್ಲಿ ನರೇಗಾದ ನೂರು ದಿನದ ಕೆಲಸ ಪೂರ್ತಿ ಸಿಕ್ಕಿದ್ದರೂ ಕುಟುಂಬಕ್ಕೆ ಬರುತ್ತಿದ್ದುದು 37,000. ಸೆನ್ಸರ್ ಜೊತೆ ಮಾತಾಡಿಕೊಂಡು ತಾನೇ ಇನ್ಸುಲಿನ್ ಹೊಂದಿಸುವ ಪಂಪ್‌ಗಳ ಬೆಲೆ ಲಕ್ಷಗಳಲ್ಲಿರುವುದರಿಂದ ಅವನ್ನು ಈ ಲೆಕ್ಕಕ್ಕೆ ತರುವುದೇ ಇಲ್ಲ.

ಬ್ರಿಟನ್ನಿನ ವೇಲ್ಸ್‌ನ ಗಣಿ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ನಿಯಮ ಮಂಡಿಸಿದ್ದರು: ಒಳ್ಳೆಯ ವೈದ್ಯಕೀಯ ಆರೈಕೆಯ ಲಭ್ಯತೆ ಅದರ ಅಗತ್ಯಕ್ಕೆ ವಿಲೋಮವಾಗಿರುತ್ತದೆ, ಮಾರುಕಟ್ಟೆಯ ಹಿಡಿತ ಹೆಚ್ಚಿದಷ್ಟೂ ಈ ವಿಲೋಮ ತೀವ್ರವಾಗುತ್ತದೆ. ಗ್ಲೂಕೋಸ್ ಸೆನ್ಸರ್‌ನಷ್ಟು ನಿಚ್ಚಳವಾಗಿ ಇದನ್ನು ತೋರಿಸುವ ವಸ್ತು ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಬೆಂಗಳೂರಿನ ಅಲ್ಟ್ರಾಹ್ಯೂಮನ್ ಸಂಸ್ಥೆ ಕೆಲ ವರ್ಷಗಳ ಹಿಂದೆ ಸೆನ್ಸರ್‌ಗಳನ್ನು ಫಿಟ್‌ನೆಸ್ ಸಾಧನವಾಗಿ, ಮಧುಮೇಹವೇ ಇಲ್ಲದವರಿಗೂ ಪರಿಚಯಿಸಿತು. ಅಮೆರಿಕದಲ್ಲಿ 2024ರಿಂದ ಇನ್ಸುಲಿನ್ ಬಳಸದವರಿಗೆ ಸೆನ್ಸರ್ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದೆ. ಆರೋಗ್ಯವಂತರು ತಮ್ಮ ದೇಹದ ಬಗ್ಗೆ ಕುತೂಹಲ ತಾಳುವುದು ತಪ್ಪಲ್ಲ. ಆದರೆ ಒಂದೇ ನಗರದಲ್ಲಿ ದೋಸೆ ತಿಂದ ಮೇಲೆ ಸಕ್ಕರೆ ಎಷ್ಟು ಏರಿತೆಂದು ನೋಡಲು ಒಬ್ಬರು ಸೆನ್ಸರ್ ಧರಿಸುತ್ತಾರೆ, ಟೈಪ್ 1 ಇರುವ ಇನ್ನೊಬ್ಬರು ಮಲಗುವ ಮುನ್ನ ಒಂದು ಸ್ಟ್ರಿಪ್ ಖರ್ಚು ಮಾಡಲೋ ಬೇಡವೋ ಎಂದು ಯೋಚಿಸುತ್ತಾರೆ. ಇದರ ಬಗ್ಗೆ ಆರೋಗ್ಯ ನೀತಿ ಬರೆಯುವವರು ಸುಮ್ಮನಿರುವಂತಿಲ್ಲ.

ಹಣವಿದ್ದೂ ಸೆನ್ಸರ್ ಬೇಡವೆನ್ನುವ ಮನೆಗಳಿವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ತೋಳಿನ ಮೇಲಿನ ಬಿಲ್ಲೆ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಗುವಿಗೆ ಸಕ್ಕರೆ ಕಾಯಿಲೆ ಇದೆಯೆಂದು ನೆಂಟರಿಗೆ ತಿಳಿದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯ ನಮ್ಮ ಸಮಾಜದಲ್ಲಿ ಗಟ್ಟಿಯಾಗಿದೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಹಾಸ್ಟೆಲ್‌ನಲ್ಲಿ ಹುಡುಗಿ ಮುಚ್ಚಿಟ್ಟು ಚುಚ್ಚಿಕೊಳ್ಳುತ್ತಾಳೆ, ಇಲ್ಲವೇ ಚುಚ್ಚಿಕೊಳ್ಳುವುದನ್ನೇ ಬಿಡುತ್ತಾಳೆ. ಸಾಮಗ್ರಿಯ ಲಭ್ಯತೆಯನ್ನು ಬೆಲೆಯಿಂದ ಮಾತ್ರ ಅಳೆದರೆ ಈ ಹುಡುಗಿ ಲೆಕ್ಕಕ್ಕೆ ಸಿಗುವುದಿಲ್ಲ. ಶಾಲೆಯ ಮಟ್ಟಿಗೆ ಕೆಲವು ಆದೇಶಗಳಿವೆ. ಸಿಬಿಎಸ್‌ಇ 2017ರಲ್ಲಿ ಪರೀಕ್ಷಾ ಕೊಠಡಿಗೆ ತಿಂಡಿ ಮತ್ತು ಸಕ್ಕರೆ ಮಾತ್ರೆ ಒಯ್ಯಲು ಅನುಮತಿ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ತರಗತಿಯಲ್ಲೇ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಬೇಕೆಂದು ರಾಜ್ಯಗಳಿಗೆ ಬರೆಯಿತು. ಅನುಮತಿ ಇದ್ದರಾಯಿತೇ, ಬ್ಯಾಗಿನಲ್ಲಿ ಸ್ಟ್ರಿಪ್ ಇರಬೇಕಲ್ಲ.

ಸರ್ಕಾರಿ ಕಾರ್ಯಕ್ರಮಗಳ ಚೌಕಟ್ಟಿನಲ್ಲಿ ಈ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿದರೆ, ಎರಡು ಬಲೆಗಳ ನಡುವಿನ ತೆರವಿನಲ್ಲಿ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಮನೆ ಮನೆ ತಪಾಸಣೆಯನ್ನು 30 ವರ್ಷದಿಂದ ಆರಂಭಿಸುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯೂ ಅದೇ ವಯೋಮಿತಿ ಹಿಡಿಯಿತು. ಟೈಪ್ 2 ದೃಷ್ಟಿಯಿಂದ ಇದು ಸರಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, ಬಹುತೇಕ ಎಲ್ಲರೂ ಟೈಪ್ 2. ಆ ದೊಡ್ಡ ಸಂಖ್ಯೆಯ ನಡುವೆ ಮಕ್ಕಳು ಮರೆಯಾಗುತ್ತಾರೆ. ಹುಟ್ಟಿನಿಂದ 18ರವರೆಗಿನ ಮಕ್ಕಳಿಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮೂವತ್ತು ಸ್ಥಿತಿಗಳನ್ನು ಪಟ್ಟಿಮಾಡಿದಾಗ ಟೈಪ್ 1 ಮಧುಮೇಹ ಅದರಲ್ಲಿರಲಿಲ್ಲ. ಆಯುಷ್ಮಾನ್ ಭಾರತ ವಿಮೆ ಒಳರೋಗಿಗೆ, ಹೊರರೋಗಿಗಲ್ಲ. ಕೀಟೋಅಸಿಡೋಸಿಸ್ ಆಗಿ ಮಗು ದಾಖಲಾದರೆ ಸರ್ಕಾರ ಹಣ ಕಟ್ಟುತ್ತದೆ, ಅದಾಗದಂತೆ ತಡೆಯುವ ಸ್ಟ್ರಿಪ್‌ಗೆ ಕಟ್ಟುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಸ್ಥಿತಿಗಳಲ್ಲಿ ತಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಸೇರಿದವು. ಜೀವಮಾನವಿಡೀ ಚಿಕಿತ್ಸೆ ಬೇಡುವ ಟೈಪ್ 1 ಸೇರಲಿಲ್ಲ.

ಹಾಗೆಂದು ಎಲ್ಲರಿಗೂ ಸ್ಟ್ರಿಪ್ ಕೊಡಬೇಕೆಂದಲ್ಲ. ಟೈಪ್ 2 ಇರುವ, ಇನ್ಸುಲಿನ್ ತೆಗೆದುಕೊಳ್ಳದ ಬಹುಪಾಲು ಜನರಿಗೆ ದಿನದಿನವೂ ಸ್ಟ್ರಿಪ್ ನೋಡುವುದರಿಂದ ಹೆಚ್ಚಿನ ಲಾಭವಿಲ್ಲ. ಮೂರು ತಿಂಗಳಿಗೊಮ್ಮೆ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಸಾಕು ಎಂಬುದು ಈಗ ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿದ ಮಾತು. ಆದ್ದರಿಂದ ‘ಎಲ್ಲ ಮಧುಮೇಹಿಗಳಿಗೂ ಉಚಿತ ಸ್ಟ್ರಿಪ್’ ಎಂಬ ಬೇಡಿಕೆಯನ್ನು ನಾನು ಬೆಂಬಲಿಸುವುದಿಲ್ಲ. ಅದು ಖಜಾನೆಗೆ ಭಾರ, ಕೆಲವೇ ತಿಂಗಳಲ್ಲಿ ನಿಂತುಹೋಗುವ ಯೋಜನೆ. ಇನ್ಸುಲಿನ್ ಅನಿವಾರ್ಯವಾದ ಮಕ್ಕಳಿಗೆ, ಯುವಜನರಿಗೆ, ಗರ್ಭಿಣಿಯರಿಗೆ ಮೊದಲು ಸ್ಟ್ರಿಪ್ ಕೊಡಬೇಕು.

ಇದು ಆಗದ ಕೆಲಸವಲ್ಲ. ನೆರೆಯ ಕೇರಳ 2018ರಲ್ಲಿ ಸಾಮಾಜಿಕ ಭದ್ರತಾ ಮಿಷನ್ ಮೂಲಕ ಆರಂಭಿಸಿದ ಮಿಠಾಯಿ ಯೋಜನೆ ಟೈಪ್ 1 ಮಕ್ಕಳಿಗೆ ಪೆನ್, ಸ್ಟ್ರಿಪ್, ಆಯ್ದವರಿಗೆ ಸೆನ್ಸರ್ ಮತ್ತು ಪಂಪ್ ಕೂಡ ಒದಗಿಸಿದೆ. ಬರಿಯ ಇನ್ಸುಲಿನ್ ಕೊಟ್ಟು ಕಳಿಸದೆ, ಆಹಾರ ತಜ್ಞರು, ಮಧುಮೇಹ ಶಿಕ್ಷಕರು, ಆಪ್ತಸಮಾಲೋಚಕರು ಸೇರಿದ ತಂಡವನ್ನು ಅದರ ಜೊತೆ ಕಟ್ಟಿದ್ದು ಅದರ ವಿಶೇಷ. ಇಂಗ್ಲೆಂಡಿನ ಅನುಭವವೂ ಅದೇ ಕಡೆ ಬೆರಳು ತೋರಿಸುತ್ತದೆ. ಅಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರ ಮಾರ್ಚ್‌ನಲ್ಲಿ ಟೈಪ್ 1 ಇರುವ ಎಲ್ಲರಿಗೂ ಸೆನ್ಸರ್ ಶಿಫಾರಸು ಮಾಡಿತು, 2023ರ ಡಿಸೆಂಬರ್‌ನಲ್ಲಿ ಸ್ವಯಂಚಾಲಿತ ಪಂಪ್ ವ್ಯವಸ್ಥೆಗೂ ಒಪ್ಪಿಗೆ ಕೊಟ್ಟಿತು. ರೋಗಿ ಹಣ ಕೊಡಬೇಕಿಲ್ಲ. ಆದರೂ ಬಡ ಬಡಾವಣೆಗಳ ಮತ್ತು ಕಪ್ಪು ಸಮುದಾಯದ ಮಕ್ಕಳಲ್ಲಿ ಪಂಪ್ ಮತ್ತು ಸೆನ್ಸರ್ ಬಳಕೆ ಉಳಿದವರಿಗಿಂತ ಕಡಿಮೆ ಇರುವುದನ್ನು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನೆಗಳು ವರ್ಷಗಳಿಂದ ದಾಖಲಿಸಿವೆ. ಉಚಿತವೆಂದ ಮಾತ್ರಕ್ಕೆ ತಲುಪಿತೆಂದಲ್ಲ. ಕಲಿಸುವವರು ಬೇಕು, ಆ ಕುಟುಂಬದ ಭಾಷೆಯಲ್ಲಿ ಕಲಿಸಬೇಕು, ಯಾರಿಗೆ ತಲುಪಿಲ್ಲವೆಂದು ಪ್ರತಿ ವರ್ಷ ಎಣಿಸಬೇಕು.

ಕರ್ನಾಟಕಕ್ಕೆ ಇದರ ವೆಚ್ಚ ಎಷ್ಟು? ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2,29,000 ಟೈಪ್ 1 ಮಕ್ಕಳಿದ್ದಾರೆ, ಜಗತ್ತಿನಲ್ಲೇ ಹೆಚ್ಚು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಕರ್ನಾಟಕದ ಪಾಲು ಸುಮಾರು ಶೇ 5. ಅದೇ ಅನುಪಾತ ಹಿಡಿದರೆ ರಾಜ್ಯದಲ್ಲಿ 11,500ರಷ್ಟು ಮಕ್ಕಳು. ದಿನಕ್ಕೆ ನಾಲ್ಕರಂತೆ ಒಬ್ಬರಿಗೆ ವರ್ಷಕ್ಕೆ 1,460 ಸ್ಟ್ರಿಪ್. ಸಗಟು ಟೆಂಡರಿನಲ್ಲಿ ಒಂದಕ್ಕೆ 5 ರೂಪಾಯಿ ಬಿದ್ದರೆ ತಲಾ 7,300 ರೂಪಾಯಿ, ಇಡೀ ರಾಜ್ಯಕ್ಕೆ 8.4 ಕೋಟಿ. ದರ ಇಳಿಯದೆ 15 ರೂಪಾಯಿಗೇ ಕೊಳ್ಳಬೇಕಾಗಿ ಬಂದರೂ 25 ಕೋಟಿ ಚಿಲ್ಲರೆ. ಇದು ಅನುಪಾತದ ಲೆಕ್ಕ. ಜಿಲ್ಲಾವಾರು ನೋಂದಣಿ ಮಾಡಿದರೆ ಸಂಖ್ಯೆ ಹೆಚ್ಚುಕಡಿಮೆಯಾದೀತು. ಖರ್ಚಿನ ಗಾತ್ರದ ಅಂದಾಜಿಗೆ ಇಷ್ಟು ಸಾಕು.

ಟೆಂಡರಿನ ಷರತ್ತುಗಳಲ್ಲಿ ಮೂರು ವಿಷಯ ಮುಖ್ಯವೆಂದು ನನ್ನ ಭಾವನೆ. ನಿಖರತೆಗೆ ಐಎಸ್‌ಒ 15197ರ 2013ರ ಮಾನದಂಡ ಕಡ್ಡಾಯವಾಗಿರಬೇಕು. ಅಂದರೆ ಸಕ್ಕರೆ 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ, ಅದಕ್ಕೂ ಮೇಲೆ ಶೇ 15ರಷ್ಟು ವ್ಯತ್ಯಾಸದೊಳಗೆ ನೂರರಲ್ಲಿ 95 ಫಲಿತಾಂಶ ಬೀಳಬೇಕು. ಅಗ್ಗವೆಂದು ಸುಳ್ಳು ಹೇಳುವ ಸ್ಟ್ರಿಪ್ ಕೊಟ್ಟರೆ ಡೋಸ್ ತಪ್ಪುತ್ತದೆ. ಪೂರೈಕೆದಾರ ಬದಲಾದ ವರ್ಷ ಹಳೆಯ ಮೀಟರ್‌ಗಳನ್ನೆಲ್ಲ ಹೊಸ ಕಂಪನಿಯೇ ಉಚಿತವಾಗಿ ಬದಲಾಯಿಸಿಕೊಡಬೇಕು, ಇಲ್ಲವಾದರೆ ಒಂದು ಟೆಂಡರ್ ಮುಗಿದ ದಿನ ಸಾವಿರಾರು ಮೀಟರ್ ನಿರುಪಯುಕ್ತವಾಗುತ್ತವೆ. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಿಗೆ ಐವತ್ತರ ಬದಲು ಇಪ್ಪತ್ತೈದರ ಬಾಟಲಿ ಕಳಿಸಬೇಕು. ದಿನಕ್ಕೆ ನಾಲ್ಕರಂತೆ ಅದು ಒಂದು ವಾರದೊಳಗೆ ಖಾಲಿಯಾಗುತ್ತದೆ, ಮಳೆಗಾಲದ ತೇವ ಹೀರುವಷ್ಟು ಹೊತ್ತು ತೆರೆದಿರುವುದಿಲ್ಲ.